ಸೋಂಟೆ ಪರೀಕ್ಷೆ: ಶುಕ್ರವಾರದೊಳಗೆ ಉತ್ತರಿಸಿ

ಅಕ್ಕಂದಿರಿಗೆಲ್ಲ ನಮಸ್ಕಾರ.

ನಾವು ಹಲಸಿನಕಾಯಿ ಸೋಂಟೆ (ಚಿಪ್ಸ್) ಮಾರಲು ತೊಡಗಿ ಒಂದು ತಿಂಗಳಾಯಿತು. ಚೆನ್ನಾಗಿದೆ ಎಂದವರು ತುಂಬಾ ಮಂದಿ, ಎರಡನೇ ಪ್ಯಾಕೆಟ್ ಕೇಳಿದವರು ಕಡಿಮೆ. ನನಗೆ ಇದೇ ಚಿಂತೆ. ಕಾರಣವನ್ನು ನಾವೇ ಊಹಿಸುವುದು ಬೇಡ, ಗಿರಾಕಿಗಳಿಂದಲೇ ತಿಳಿಯೋಣ.

ಈ ಶನಿವಾರ ಬದಿಯಡ್ಕ, ನೀರ್ಚಾಲು, ಕುಂಬಳೆ ಅಂಗಡಿಗಳಿಗೆ ಎರಡು ಬಗೆ ಹೋಗುತ್ತದೆ: ತೆಳುವಾಗಿ ಹೆಚ್ಚಿದ್ದಕ್ಕೆ ಹಸಿರು ಚೀಟಿ, ಈಗಿನ ದಪ್ಪದ್ದಕ್ಕೆ ಕೆಂಪು. ಬಕ್ಕೆ (ಗಟ್ಟಿ ತೊಳೆಯ) ಹಲಸು, ತೆಂಗಿನೆಣ್ಣೆ, ಉಪ್ಪುನೀರಿನ ಅಳತೆ, ತೂಕ, ಬೆಲೆ ಯಾವುದನ್ನೂ ಬದಲಿಸಬೇಡಿ. ಎರಡು ಸಂಗತಿ ಒಟ್ಟಿಗೆ ಬದಲಾದರೆ ಯಾವುದರಿಂದ ಏನಾಯಿತೆಂದು ಗೊತ್ತಾಗುವುದಿಲ್ಲ. ಪರೀಕ್ಷೆಯ ಪ್ಯಾಕೆಟಾದರೂ ತಯಾರಿಸಿದ ದಿನಾಂಕ, ಎಫ್‌ಎಸ್‌ಎಸ್‌ಎಐನ (ಆಹಾರ ಸುರಕ್ಷತಾ ಪ್ರಾಧಿಕಾರದ) 14 ಅಂಕಿಯ ಸಂಖ್ಯೆ ಇರಲೇಬೇಕು.

ಗಿರಾಕಿಗಳಲ್ಲಿ "ಹೇಗಿದೆ?" ಎಂದು ಕೇಳಬೇಡಿ. ಮುಖ ನೋಡಿ ಯಾರೂ ಕೆಟ್ಟದ್ದು ಹೇಳುವುದಿಲ್ಲ. ಕಳೆದ ಸಲದ್ದು ಎಷ್ಟು ದಿನದಲ್ಲಿ ಮುಗಿಯಿತು, ಮನೆಯಲ್ಲಿ ಯಾರು ತಿಂದರು, ಉಳಿದಿದ್ದರೆ ಯಾಕೆ ಎಂದು ಕೇಳಿ. ಮೆತ್ತಗಾಯಿತು, ಎಣ್ಣೆ ವಾಸನೆ ಬಂತು ಎಂಬ ಮಾತು ಬಂದರೆ ನಮಗೆ ಅದೇ ಮುಖ್ಯ. ತುಳುವೋ ಮಲಯಾಳವೋ ಕನ್ನಡವೋ, ಅವರು ಹೇಳಿದ ಹಾಗೆಯೇ ಬರೆದುಕೊಳ್ಳಿ, ತಿದ್ದಬೇಡಿ. ಬೇಸರವನ್ನೂ ಮಾಡಿಕೊಳ್ಳಬೇಡಿ.

ಮುಂದಿನ ಶನಿವಾರ ಪ್ರತಿ ಅಂಗಡಿಯಲ್ಲಿ ಹಸಿರು ಎಷ್ಟು, ಕೆಂಪು ಎಷ್ಟು ಉಳಿದಿದೆ ಎಂದು ಎಣಿಸಿ ಇಲ್ಲಿ ಹಾಕಿ. ಮರುದಿನ ಸಂಜೆ 4ಕ್ಕೆ ಕೂತು ಯಾವುದನ್ನು ಮುಂದುವರಿಸುವುದೆಂದು ತೀರ್ಮಾನಿಸೋಣ.

ಯಾರು ಯಾವ ಅಂಗಡಿಗೆ ಹೋಗುತ್ತೀರಿ? ಶುಕ್ರವಾರ ರಾತ್ರಿಯೊಳಗೆ ತಿಳಿಸಿ. ಕುಂಬಳೆಗೆ ಇಬ್ಬರು ಬೇಕು.