ಮಗಳಿಗೊಂದು ಪತ್ರ: ಅಳಿಯಂದಿರ ರಿಪೋರ್ಟ್ ಓದುವ ಬಗೆ

ಪ್ರೀತಿಯ ಮಗಳೇ,

ನೀನು ಕಳಿಸಿದ ವೀರ್ಯ ಪರೀಕ್ಷೆಯ ರಿಪೋರ್ಟನ್ನು ಪೂರ್ತಿ ಓದಿದೆ. ಒಂದು ಎಂ.ಎಲ್. ವೀರ್ಯದಲ್ಲಿ 90 ಲಕ್ಷ ವೀರ್ಯಾಣು ಎಂಬ ಸಾಲಿನ ಕೆಳಗೆ ಯಾರೋ ಗೆರೆ ಎಳೆದಿದ್ದಾರೆ. ಸಂಖ್ಯೆ ಕಡಿಮೆಯೇ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅದು ಗಂಡಸಿನ ದೇಹದ ಯಾವ ಭಾಗದ ಸುದ್ದಿ, ಯಾವಾಗಿನ ಸುದ್ದಿ ಎಂದು ತಿಳಿಯದೆ ಓದಿದರೆ ಹೆದರಿಕೆ ಬಿಟ್ಟು ಬೇರೇನೂ ಸಿಗುವುದಿಲ್ಲ. ಅದಕ್ಕೇ ಅಂಗಗಳ ಲೆಕ್ಕದಲ್ಲಿ ಬರೆಯುತ್ತಿದ್ದೇನೆ. ಅಳಿಯಂದಿರಿಗೂ ಓದಲು ಕೊಡು. ಇದು ಅವರ ದೇಹದ ವಿಷಯ, ಅವರಿಗೆ ನಿನಗಿಂತ ಹೆಚ್ಚು ಗೊತ್ತಿರಬೇಕು.

ವೀರ್ಯಾಣು ತಯಾರಾಗುವುದು ವೃಷಣದಲ್ಲಿ. ವಯಸ್ಕರಲ್ಲಿ ಒಂದೊಂದು ವೃಷಣ 4ರಿಂದ 5 ಸೆಂ.ಮೀ. ಉದ್ದ, 15ರಿಂದ 25 ಎಂ.ಎಲ್. ಗಾತ್ರ. ಒಂದು ಸ್ವಲ್ಪ ಕೆಳಗೆ, ಹೆಚ್ಚಾಗಿ ಎಡಗಡೆಯದು, ಇಳಿದಿರುವುದು ಸಹಜ. ಗಟ್ಟಿ ಬಿಳಿ ಹೊದಿಕೆಯ ಒಳಗೆ ಸುಮಾರು 250 ಸಣ್ಣ ಕೋಣೆಗಳಿವೆ. ಪ್ರತಿ ಕೋಣೆಯಲ್ಲೂ ಒಂದರಿಂದ ನಾಲ್ಕು ನವಿರಾದ ನಾಳಗಳು ಸುತ್ತಿಕೊಂಡಿರುತ್ತವೆ. ಅವನ್ನೆಲ್ಲ ಬಿಡಿಸಿ ಜೋಡಿಸಿದರೆ ನೂರಾರು ಮೀಟರ್ ಉದ್ದ. ನಾಳದ ಗೋಡೆಯಲ್ಲಿ ನಿಂತು ಬೆಳೆಯುವ ವೀರ್ಯಾಣುಗಳಿಗೆ ಆಸರೆ ಕೊಟ್ಟು ಪೋಷಿಸುವುದು ಸೆರ್ಟೋಲಿ ಜೀವಕೋಶಗಳು. 1865ರಲ್ಲಿ ಇಟಲಿಯ ಎನ್ರಿಕೊ ಸೆರ್ಟೋಲಿ ಇವನ್ನು ವಿವರಿಸಿದ. ನಾಳಗಳ ನಡುವಿನ ಸಂದಿಯಲ್ಲಿ ಕೂತು ಟೆಸ್ಟೋಸ್ಟೀರಾನ್ ಎಂಬ ಗಂಡಸಿನ ಹಾರ್ಮೋನು ತಯಾರಿಸುವುದು ಲೈಡಿಗ್ ಜೀವಕೋಶಗಳು. ಅವುಗಳ ವಿವರ 1850ರಲ್ಲೇ ಜರ್ಮನಿಯ ಫ್ರಾನ್ಸ್ ಲೈಡಿಗ್‌ನಿಂದ ಬಂದಿತ್ತು. ಈ ಎರಡು ಬಗೆಯ ಜೀವಕೋಶಗಳ ಹೆಸರು ನೆನಪಿಟ್ಟುಕೋ, ಮುಂದೆ ರಕ್ತಪರೀಕ್ಷೆಯ ಮಾತು ಬಂದಾಗ ಬೇಕಾಗುತ್ತವೆ.

ಎಲ್ಲಕ್ಕಿಂತ ಮುಖ್ಯವಾದದ್ದು ಸಮಯ. ನಾಳದ ತಳದಲ್ಲಿರುವ ಮೂಲಕೋಶವೊಂದು ಬಾಲವುಳ್ಳ ವೀರ್ಯಾಣುವಾಗಲು ಸುಮಾರು 74 ದಿನ ಹಿಡಿಯುತ್ತದೆ. ಅಲ್ಲಿಂದ ಹೊರಬಿದ್ದು, ವೃಷಣಕ್ಕೆ ಅಂಟಿಕೊಂಡ ಎಪಿಡಿಡಿಮಿಸ್ ಎಂಬ ನಾಳ ದಾಟಲು ಇನ್ನೂ ಕೆಲವು ದಿನ, ಕೆಲವೊಮ್ಮೆ ಎರಡು ವಾರದ ತನಕ. ಅಂದರೆ ಮೊನ್ನೆ ಕೊಟ್ಟ ಮಾದರಿಯಲ್ಲಿದ್ದ ವೀರ್ಯಾಣುಗಳು ಹುಟ್ಟಲು ಶುರುವಾದದ್ದು ಹೆಚ್ಚುಕಡಿಮೆ ಮೂರು ತಿಂಗಳ ಹಿಂದೆ. ಎರಡು ತಿಂಗಳ ಕೆಳಗೆ ಅವರಿಗೆ ಐದಾರು ದಿನ ಜೋರು ಜ್ವರ ಬಂದಿತ್ತು ಎಂದು ನೀನೇ ಹೇಳಿದ್ದೆ. ಅಂಥ ಜ್ವರ ಒಂದೇ ಸಾಕು, ಎರಡು ಮೂರು ತಿಂಗಳು ಸಂಖ್ಯೆ ಕುಸಿಯುತ್ತದೆ, ಆಮೇಲೆ ತಾನಾಗಿಯೇ ಏರುತ್ತದೆ. ಈ ರಿಪೋರ್ಟಿಗೆ ಅದೇ ಕಾರಣ ಎಂದು ಖಚಿತವಾಗಿ ಹೇಳಲಾರೆ. ಆದರೆ ಇದೊಂದನ್ನೇ ನಂಬಿ ದೊಡ್ಡ ನಿರ್ಧಾರಕ್ಕೆ ಹೋಗಬಾರದು ಎಂದು ಖಚಿತವಾಗಿ ಹೇಳಬಲ್ಲೆ. ಇನ್ನೊಂದು ಪರೀಕ್ಷೆ ಆಗಲೇಬೇಕು. ಯಾವ ಔಷಧಿ, ಯಾವ ಅಭ್ಯಾಸದ ಬದಲಾವಣೆಯೂ ಮೂರು ತಿಂಗಳಿಗೆ ಮೊದಲು ರಿಪೋರ್ಟಿನಲ್ಲಿ ಪೂರ್ತಿ ಕಾಣುವುದಿಲ್ಲ. ಹದಿನೈದು ದಿನದಲ್ಲಿ ಕೌಂಟ್ ಏರಿಸುತ್ತೇವೆ ಎನ್ನುವ ಜಾಹೀರಾತು ಸುಳ್ಳು ಎಂದು ಹೇಳಲು ಈ ಲೆಕ್ಕ ಸಾಕು.

ಜ್ವರಕ್ಕೆ ಇಷ್ಟು ಬೆಲೆ ಯಾಕೆ ಎಂದರೆ, ವೀರ್ಯಾಣು ತಯಾರಿಕೆಗೆ ದೇಹದ ಒಳಗಿನ ಬಿಸಿಯೇ ಅತಿಯಾಯಿತು. 37 ಡಿಗ್ರಿಗಿಂತ ಎರಡರಿಂದ ನಾಲ್ಕು ಡಿಗ್ರಿ ತಂಪು ಬೇಕು. ವೃಷಣಗಳು ಹೊಟ್ಟೆಯ ಹೊರಗೆ, ಚೀಲದಲ್ಲಿ ಇರುವುದು ಅದಕ್ಕೇ. ಚಳಿಯಾದಾಗ ಚೀಲದ ಚರ್ಮದಡಿಯ ಸ್ನಾಯು ಸುಕ್ಕುಗಟ್ಟಿ, ಇನ್ನೊಂದು ಸ್ನಾಯು ವೃಷಣವನ್ನು ಮೇಲಕ್ಕೆಳೆಯುತ್ತದೆ. ಸೆಖೆಗೆ ಎರಡೂ ಸಡಿಲವಾಗುತ್ತವೆ. ಜೊತೆಗೆ, ಕೆಳಗಿಳಿಯುವ ಬಿಸಿ ರಕ್ತದ ಧಮನಿಯನ್ನು ಸುತ್ತಿಕೊಂಡು ಅಭಿಧಮನಿಗಳ ಬಲೆಯೊಂದಿದೆ. ಅದರಲ್ಲಿ ಮೇಲಕ್ಕೆ ಹೋಗುವ ತಂಪು ರಕ್ತ ಈ ಬಿಸಿಯನ್ನು ಹೀರಿಕೊಳ್ಳುತ್ತದೆ, ಹಾಗಾಗಿ ವೃಷಣಕ್ಕೆ ತಲುಪುವ ರಕ್ತ ಆಗಲೇ ತಣಿದಿರುತ್ತದೆ.

ಆ ಅಭಿಧಮನಿಗಳು ಉಬ್ಬಿ, ರಕ್ತ ನಿಂತರೆ ಅದಕ್ಕೆ ವೇರಿಕೋಸೀಲ್ ಎನ್ನುತ್ತಾರೆ. ಅಳಿಯಂದಿರ ಕಾಗದದಲ್ಲಿ ಡಾಕ್ಟರು 'ಎಡಗಡೆ, ಗ್ರೇಡ್ 2' (ಮುಟ್ಟಿದರೆ ಕೈಗೆ ಸಿಗುವಷ್ಟು) ಎಂದು ಬರೆದಿರುವುದು ಇದನ್ನೇ. ಎಡಗಡೆಯೇ ಹೆಚ್ಚು ಯಾಕೆಂದರೆ, ಎಡ ವೃಷಣದ ಅಭಿಧಮನಿ ನೇರವಾಗಿ ದೊಡ್ಡ ಅಭಿಧಮನಿಗೆ ಸೇರದೆ, ಎಡ ಮೂತ್ರಪಿಂಡದ ಅಭಿಧಮನಿಗೆ ಲಂಬಕೋನದಲ್ಲಿ ಸೇರುತ್ತದೆ. ಅಷ್ಟು ಎತ್ತರಕ್ಕೆ ಏರಬೇಕಾದ ರಕ್ತ ಹಿಂದಕ್ಕೆ ತಳ್ಳುತ್ತದೆ. ಇದು ಅಪರೂಪದ ಕಾಯಿಲೆಯಲ್ಲ. ನೂರು ಗಂಡಸರಲ್ಲಿ ಸುಮಾರು ಹದಿನೈದು ಮಂದಿಗೆ ಇರುತ್ತದೆ, ಅವರಲ್ಲಿ ಬಹಳಷ್ಟು ಜನರಿಗೆ ಮಕ್ಕಳೂ ಆಗುತ್ತವೆ. ಕೈಗೆ ಸಿಗುವಷ್ಟು ದೊಡ್ಡದಿದ್ದು, ರಿಪೋರ್ಟೂ ಮತ್ತೆ ಮತ್ತೆ ಕಡಿಮೆ ಬಂದರೆ ಮಾತ್ರ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ಸ್ಕ್ಯಾನಿನಲ್ಲಿ ಮಾತ್ರ ಕಂಡು ಕೈಗೆ ಸಿಗದಂಥದ್ದಕ್ಕೆ ಆಪರೇಷನ್ ಮಾಡಿಸುವುದರಿಂದ ಪ್ರಯೋಜನವಿಲ್ಲ. ಮಾಡಿಸಿದರೂ ಫಲ ನೋಡಲು ಮೂರರಿಂದ ಆರು ತಿಂಗಳು ಕಾಯಬೇಕು. ಕಾರಣ ಮತ್ತದೇ 74 ದಿನ.

ಚಿಕ್ಕವರಿದ್ದಾಗ ವೃಷಣ ಕೆಳಗಿಳಿದಿರಲಿಲ್ಲವೆಂದು ಆಪರೇಷನ್ ಆಗಿತ್ತೇ ಎಂದು ಅವರ ತಾಯಿಯನ್ನು ಕೇಳಿಸು. ಗಂಡುಮಗುವಿಗೆ ಆರು ತಿಂಗಳಾದರೂ ಇಳಿಯದಿದ್ದರೆ ಸಾಮಾನ್ಯವಾಗಿ ತಾನಾಗಿ ಇಳಿಯುವುದಿಲ್ಲ. ಒಂದೂವರೆ ವರ್ಷದೊಳಗೆ ಸರಿಪಡಿಸಬೇಕು. ತಡವಾದಷ್ಟೂ ವೀರ್ಯಾಣುವಿನ ಮೂಲಕೋಶಗಳು ಸೊರಗುತ್ತವೆ. ಪ್ರಾಯಕ್ಕೆ ಬಂದ ಮೇಲೆ ಮಂಗನಬಾವು ಬಂದು ವೃಷಣ ಊದಿಕೊಂಡಿತ್ತೇ ಎಂಬುದನ್ನೂ ಡಾಕ್ಟರಿಗೆ ತಿಳಿಸಬೇಕು.

ಈಗ ಚಲನೆಯ ಸಾಲು. ಮುಂದಕ್ಕೆ ಈಜುವವು 28 ಶೇಕಡಾ ಎಂದಿದೆ. ವೃಷಣದಿಂದ ಹೊರಬಂದ ವೀರ್ಯಾಣುವಿಗೆ ಈಜಲು ಬರುವುದಿಲ್ಲ. ವೃಷಣದ ಹಿಂಬದಿಗೆ ಅಂಟಿಕೊಂಡಿರುವ ಎಪಿಡಿಡಿಮಿಸ್ ಎಂಬ ಒಂದೇ ನಾಳ, ಬಿಡಿಸಿದರೆ ಸುಮಾರು 6 ಮೀಟರ್, ಅದರಲ್ಲಿ ಸಾಗುವಾಗ ಅದಕ್ಕೆ ಚಲನಶಕ್ತಿ ಬರುತ್ತದೆ. ಪಕ್ವವಾದವು ಆ ನಾಳದ ಕೊನೆಯ ಭಾಗದಲ್ಲಿ ಕಾದಿರುತ್ತವೆ. ಬಹಳ ದಿನ ಅಲ್ಲೇ ಉಳಿದರೆ ಮುದಿಯಾಗಿ ಚಲನೆ ಕುಗ್ಗುತ್ತದೆ. ಅದಕ್ಕೇ ಪರೀಕ್ಷೆಗೆ ಮುಂಚೆ ಎರಡಕ್ಕಿಂತ ಕಡಿಮೆಯೂ ಬೇಡ, ಏಳಕ್ಕಿಂತ ಹೆಚ್ಚೂ ಬೇಡ ಎಂದು ಕೊನೆಯ ಸ್ಖಲನದಿಂದ ದಿನಗಳ ಅಂತರ ಹೇಳುವುದು. ಕೌಂಟ್ ಹೆಚ್ಚಲಿ ಎಂದು ಅವರು ಎಷ್ಟು ದಿನ ತಡೆದುಕೊಂಡಿದ್ದರು, ಕೇಳು. ಮಕ್ಕಳಿಗಾಗಿ ಪ್ರಯತ್ನಿಸುವಾಗಲೂ ಕೂಡಿಡುವುದರಿಂದ ಲಾಭವಿಲ್ಲ. ಎರಡು ಮೂರು ದಿನಕ್ಕೊಮ್ಮೆ ಸೇರುವುದೇ ಸರಿ. ಅಂಡಾಣು ಬದುಕುವುದು ಒಂದು ದಿನ, ವೀರ್ಯಾಣು ನಿನ್ನ ದೇಹದೊಳಗೆ ಐದು ದಿನದ ತನಕ ಬದುಕಬಲ್ಲದು. ಆದ್ದರಿಂದ ಅಂಡಾಣು ಹೊರಬೀಳುವುದಕ್ಕೆ ಮೊದಲಿನ ದಿನಗಳೇ ಬೆಲೆಯುಳ್ಳವು.

ಆಕಾರ 3 ಶೇಕಡಾ, ಅಂದರೆ ನೂರರಲ್ಲಿ ಮೂರರ ಆಕಾರ ಮಾತ್ರ ಸರಿ, ಎಂಬ ಸಾಲಿಗೆ ನಿದ್ದೆ ಕೆಡಿಸಿಕೊಳ್ಳಬೇಡಿ. ಕೆಳಮಿತಿ ಇರುವುದೇ 4. ಆರೋಗ್ಯವಂತರಲ್ಲೂ ಬಹುಪಾಲು ವೀರ್ಯಾಣುಗಳು ನೋಡಲು ಸರಿಯಾಗಿರುವುದಿಲ್ಲ.

ವೀರ್ಯದ ಪ್ರಮಾಣ 2.6 ಎಂ.ಎಲ್., ಪಿ.ಎಚ್. (ಆಮ್ಲ-ಕ್ಷಾರದ ಅಳತೆ) 7.6. ಇವೆರಡೂ ಚೆನ್ನಾಗಿವೆ, ಮತ್ತು ಇವು ಸಣ್ಣ ಸಮಾಧಾನವಲ್ಲ. ವೀರ್ಯದಲ್ಲಿ ವೀರ್ಯಾಣುಗಳ ಪಾಲು ತೀರಾ ಕಡಿಮೆ, ನೂರಕ್ಕೆ ಎರಡರಿಂದ ಐದು. ಮೂತ್ರಕೋಶದ ಹಿಂದಿರುವ ಸೆಮಿನಲ್ ವೆಸಿಕಲ್ ಎಂಬ ಜೋಡಿ ಗ್ರಂಥಿಗಳು ಮೂರನೇ ಎರಡರಷ್ಟು ದ್ರವ ಕೊಡುತ್ತವೆ. ಅದು ಕ್ಷಾರಗುಣದ್ದು, ವೀರ್ಯಾಣುಗಳಿಗೆ ಶಕ್ತಿ ಕೊಡುವ ಫ್ರಕ್ಟೋಸ್ ಸಕ್ಕರೆ ಅದರಲ್ಲಿದೆ. ಉಳಿದದ್ದರಲ್ಲಿ ಹೆಚ್ಚಿನದು ಪ್ರಾಸ್ಟೇಟ್ ಗ್ರಂಥಿಯದು. ಅದು ತುಸು ಆಮ್ಲೀಯ, ಸತು ಮತ್ತು ಸಿಟ್ರಿಕ್ ಆಮ್ಲ ಇರುತ್ತವೆ, ಗಟ್ಟಿಯಾದ ವೀರ್ಯವನ್ನು ಅರ್ಧ ಗಂಟೆಯ ಆಸುಪಾಸಿನಲ್ಲಿ ನೀರಾಗಿಸುವ ಕಿಣ್ವವೂ ಅದರದ್ದೇ. ದ್ರವ ಕಡಿಮೆಯಿದ್ದು, ಆಮ್ಲೀಯವಾಗಿದ್ದು, ಫ್ರಕ್ಟೋಸೂ ವೀರ್ಯಾಣುವೂ ಇಲ್ಲದಿದ್ದರೆ ದಾರಿ ಎಲ್ಲೋ ಕಟ್ಟಿದೆ, ಅಥವಾ ಹುಟ್ಟಿನಿಂದಲೇ ವಾಸ್ ಡಿಫರೆನ್ಸ್ ಎಂಬ ಸಾಗಣೆಯ ನಾಳಗಳು ಇಲ್ಲ ಎಂದು ಶಂಕಿಸಬೇಕು. ಅಳಿಯಂದಿರಲ್ಲಿ ಅಂಥ ಲಕ್ಷಣವಿಲ್ಲ. ಅವರಲ್ಲಿ ದಾರಿ ತೆರೆದಿದೆ, ಉತ್ಪಾದನೆ ಕಡಿಮೆ.

ಸ್ಖಲನದ ಹೊತ್ತಿನಲ್ಲಿ ಮೂತ್ರಕೋಶದ ಬಾಯಿ ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ, ಹಾಗಾಗಿ ವೀರ್ಯ ಮುಂದಕ್ಕೇ ಬರುತ್ತದೆ. ಬಹುಕಾಲದ ಸಕ್ಕರೆ ಕಾಯಿಲೆ, ಪ್ರಾಸ್ಟೇಟ್ ಆಪರೇಷನ್, ಮೂತ್ರ ಸಲೀಸಾಗಲು ಕೊಡುವ ಟ್ಯಾಮ್ಸುಲೋಸಿನ್‌ನಂಥ ಮಾತ್ರೆ ಇದನ್ನು ಕೆಡಿಸಬಹುದು. ಆಗ ವೀರ್ಯ ಹಿಂದಕ್ಕೆ ಮೂತ್ರಕೋಶಕ್ಕೆ ಸೇರುತ್ತದೆ. ನಿಮಿರುವಿಕೆ ಬೇರೆಯೇ ಕೆಲಸ. ನರಗಳು ಬಿಡುವ ನೈಟ್ರಿಕ್ ಆಕ್ಸೈಡ್‌ನಿಂದ ಶಿಶ್ನದ ಧಮನಿಗಳು ಸಡಿಲಗೊಂಡು ಎರಡು ಸ್ಪಂಜಿನಂಥ ಕೊಳವೆಗಳಲ್ಲಿ ರಕ್ತ ತುಂಬುತ್ತದೆ, ಆ ಒತ್ತಡಕ್ಕೆ ಹೊರಹೋಗುವ ಅಭಿಧಮನಿಗಳು ಅಮುಕಿಕೊಳ್ಳುತ್ತವೆ. ಕೌಂಟ್ ಕಡಿಮೆ ಎಂದರೆ ಗಂಡಸುತನ ಕಡಿಮೆ ಎಂದು ಅವರು ಅಂದುಕೊಂಡಿದ್ದರೆ ಈ ಮಾತನ್ನು ಎರಡು ಸಲ ಓದಿಸು: ಇವೆರಡರ ಯಂತ್ರಾಂಗವೇ ಬೇರೆ. ವೀರ್ಯಾಣು ಸೊನ್ನೆ ಇರುವವರಲ್ಲೂ ನಿಮಿರುವಿಕೆ, ಆಸೆ, ವೀರ್ಯದ ಪ್ರಮಾಣ ಎಲ್ಲವೂ ಸರಿಯಾಗಿರಬಹುದು.

ನನಗೆ ನಿಜವಾಗಿ ದಿಗಿಲಾದದ್ದು ನಿನ್ನ ಪತ್ರದ ಕೊನೆಯ ಸಾಲು ಓದಿ. ಜಿಮ್ಮಿನ ಗೆಳೆಯರೊಬ್ಬರು ಟೆಸ್ಟೋಸ್ಟೀರಾನ್ ಇಂಜೆಕ್ಷನ್ ತೆಗೆದುಕೊಳ್ಳಲು ಹೇಳಿದ್ದಾರೆ ಎಂದಿದ್ದೀಯ. ಬೇಡವೇ ಬೇಡ. ಮೆದುಳಿನ ತಳದ ಪಿಟ್ಯೂಟರಿ ಗ್ರಂಥಿ ಎರಡು ಹಾರ್ಮೋನು ಕಳಿಸುತ್ತದೆ. ಎಲ್.ಎಚ್. ಹೋಗಿ ಲೈಡಿಗ್ ಜೀವಕೋಶಗಳಿಂದ ಟೆಸ್ಟೋಸ್ಟೀರಾನ್ ತಯಾರು ಮಾಡಿಸುತ್ತದೆ, ಎಫ್.ಎಸ್.ಎಚ್. ಸೆರ್ಟೋಲಿ ಜೀವಕೋಶಗಳನ್ನು ಕೆಲಸಕ್ಕೆ ಹಚ್ಚುತ್ತದೆ. ವೀರ್ಯಾಣು ಬೆಳೆಯಲು ರಕ್ತದಲ್ಲಿರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಟೆಸ್ಟೋಸ್ಟೀರಾನ್ ವೃಷಣದ ಒಳಗೇ ಇರಬೇಕು. ಹೊರಗಿನಿಂದ ಚುಚ್ಚಿದರೆ ಪಿಟ್ಯೂಟರಿ, ಸಾಕಷ್ಟಿದೆ ಎಂದು ತಿಳಿದು, ಎರಡೂ ಹಾರ್ಮೋನುಗಳನ್ನು ನಿಲ್ಲಿಸುತ್ತದೆ. ರಕ್ತದಲ್ಲಿ ಟೆಸ್ಟೋಸ್ಟೀರಾನ್ ಏರುತ್ತದೆ, ವೃಷಣದೊಳಗೆ ಇಳಿಯುತ್ತದೆ, ಕೌಂಟ್ ಸೊನ್ನೆಗೂ ಹೋಗಬಹುದು. ನಿಲ್ಲಿಸಿದ ಮೇಲೆ ಚೇತರಿಸಿಕೊಳ್ಳಲು ಆರು ತಿಂಗಳು, ವರ್ಷ, ಕೆಲವರಿಗೆ ಅದಕ್ಕೂ ಹೆಚ್ಚು ಬೇಕು. ಮೈಕಟ್ಟಿಗೆಂದು ಮಾರುವ ಸ್ಟೀರಾಯ್ಡ್‌ಗಳೂ ಇದೇ ಕೆಲಸ ಮಾಡುತ್ತವೆ. ಮೊದಲೇ ಏನಾದರೂ ತೆಗೆದುಕೊಂಡಿದ್ದರೆ ಮುಚ್ಚಿಡದೆ ಡಾಕ್ಟರಿಗೆ ಹೇಳಲಿ.

ಮುಂದಿನ ಹೆಜ್ಜೆ ಇವು. ಜ್ವರ ಬಿಟ್ಟು ಮೂರು ತಿಂಗಳು ತುಂಬಿದ ಮೇಲೆ ಮತ್ತೊಂದು ಮಾದರಿ ಕೊಡಲಿ. ಆ ತನಕ ಬೀಡಿ ಸಿಗರೇಟು ಪೂರ್ತಿ ಬಂದ್, ಸೌನಾ ಮತ್ತು ಬಿಸಿನೀರಿನ ತೊಟ್ಟಿಯೂ ಬೇಡ, ಲ್ಯಾಪ್‌ಟಾಪ್ ಮೇಜಿನ ಮೇಲಿರಲಿ. ಎಫ್.ಎಸ್.ಎಚ್., ಎಲ್.ಎಚ್., ಟೆಸ್ಟೋಸ್ಟೀರಾನ್ ರಕ್ತಪರೀಕ್ಷೆ ಬೆಳಗ್ಗೆ ಹತ್ತರೊಳಗೆ ಆಗಲಿ, ಟೆಸ್ಟೋಸ್ಟೀರಾನ್ ಮುಂಜಾನೆ ಹೆಚ್ಚಿದ್ದು ಆಮೇಲೆ ಇಳಿಯುತ್ತದೆ. ಎಫ್.ಎಸ್.ಎಚ್. ಏರಿದ್ದರೆ ವೃಷಣವೇ ದಣಿದಿದೆ, ಪಿಟ್ಯೂಟರಿ ಜೋರಾಗಿ ದೂಡುತ್ತಿದೆ ಎಂದರ್ಥ. ತೀರಾ ಕಡಿಮೆಯಿದ್ದರೆ ತೊಂದರೆ ಮೇಲೆ, ಪಿಟ್ಯೂಟರಿಯ ಕಡೆ ಇದೆ, ಅದಕ್ಕೆ ಒಳ್ಳೆಯ ಚಿಕಿತ್ಸೆಯಿದೆ. ಕೌಂಟ್ 50 ಲಕ್ಷಕ್ಕಿಂತ ಕೆಳಗಿಳಿದರೆ ಮಾತ್ರ ಕ್ರೋಮೋಸೋಮ್ ಮತ್ತು ವೈ ಕ್ರೋಮೋಸೋಮ್ ಪರೀಕ್ಷೆ ಬರೆಯುತ್ತಾರೆ. ಒಂದೇ ವೀರ್ಯಾಣುವನ್ನು ಅಂಡಾಣುವಿನೊಳಗೆ ಚುಚ್ಚಿ ಸೇರಿಸುವ ಇಕ್ಸಿ ವಿಧಾನದ ಮೊದಲ ಗರ್ಭಧಾರಣೆಗಳು 1992ರಲ್ಲೇ ಬ್ರಸೆಲ್ಸ್‌ನಿಂದ ವರದಿಯಾದವು. ನೀವಿನ್ನೂ ಆ ಮಾತಿಗೆ ಬಂದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಲ್ಲಿ ಕೆಳಮಿತಿ ಒಂದು ಎಂ.ಎಲ್.ಗೆ 1 ಕೋಟಿ 60 ಲಕ್ಷ, ಒಟ್ಟಿಗೆ 3 ಕೋಟಿ 90 ಲಕ್ಷ, ಮುಂದಕ್ಕೆ ಈಜುವವು 30 ಶೇಕಡಾ. ಅವರ ಒಟ್ಟು ಲೆಕ್ಕ 2 ಕೋಟಿ 34 ಲಕ್ಷ. ಈ ಮಿತಿಗಳು ಹೇಗೆ ಬಂದವು ಗೊತ್ತೇ? ಒಂದು ವರ್ಷದೊಳಗೆ ತಂದೆಯಾದವರ ಮಾದರಿಗಳನ್ನು ಕಡಿಮೆಯಿಂದ ಹೆಚ್ಚಿಗೆ ಸಾಲಾಗಿಟ್ಟಾಗ, ಕೆಳಗಿನ ಐದು ಶೇಕಡಾದವರು ಮುಗಿಯುವ ಗೆರೆ ಅದು. ಗೆರೆಯ ಕೆಳಗಿದ್ದ, ನೂರಕ್ಕೆ ಐವರಾದ ಅವರೂ ತಂದೆಯಾದವರೇ.

ಇನ್ನು ನಿನ್ನ ಬಗ್ಗೆ. ಮಕ್ಕಳಾಗುವುದು ತಡವಾದ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡಸಿನ ಕಡೆಯ ಕಾರಣವೂ ಇರುತ್ತದೆ. ಆದ್ದರಿಂದ ಅವರ ಎರಡನೇ ರಿಪೋರ್ಟ್ ಬರುವ ಮುಂಚೆ ನೀನೊಬ್ಬಳೇ ಹಾರ್ಮೋನು ಮಾತ್ರೆ ನುಂಗುತ್ತಾ ಹೋಗಬೇಡ. ನಿನ್ನ ಪರೀಕ್ಷೆಗಳು ಜೊತೆಜೊತೆಗೇ ನಡೆಯಲಿ. ಮಗು ಹೆಣ್ಣಾದರೆ ಗಂಡಾದರೆ ಎಂದು ಯಾರಾದರೂ ಈಗಲೇ ಮಾತೆತ್ತಿದರೆ, ಎಕ್ಸ್ ಅಥವಾ ವೈ ಕ್ರೋಮೋಸೋಮ್ ಹೊತ್ತು ತರುವುದು ವೀರ್ಯಾಣು, ಅಂಡಾಣುವಿನಲ್ಲಿ ಯಾವಾಗಲೂ ಎಕ್ಸ್ ಮಾತ್ರ ಎಂದು ತಿಳಿಸಿಬಿಡು.

ಅಳಿಯಂದಿರು ತಿಂಗಳಿಗೊಮ್ಮೆ ಬಿಸಿನೀರಿನ ಸ್ನಾನದ ನಂತರ ಒಂದೊಂದೇ ವೃಷಣವನ್ನು ಬೆರಳುಗಳ ನಡುವೆ ಉರುಳಿಸಿ ನೋಡಿಕೊಳ್ಳಲಿ. ಹಿಂದೆ ಮೆತ್ತಗೆ ಹುರಿಯಂತೆ ಸಿಗುವುದು ಎಪಿಡಿಡಿಮಿಸ್, ಅದು ಗಂಟಲ್ಲ. ವೃಷಣದ ಮೈಯಲ್ಲೇ ನೋವಿಲ್ಲದ ಗಟ್ಟಿ ಗಂಟು ಸಿಕ್ಕರೆ ತಡಮಾಡದೆ ಸ್ಕ್ಯಾನ್ ಮಾಡಿಸಬೇಕು. ಕೌಂಟ್ ಕಡಿಮೆಯಿರುವವರಲ್ಲಿ ವೃಷಣದ ಕ್ಯಾನ್ಸರ್ ತುಸು ಹೆಚ್ಚು. ಇದ್ದಕ್ಕಿದ್ದಂತೆ ಒಂದು ಕಡೆ ತಡೆಯಲಾಗದ ನೋವು, ವಾಂತಿ ಬಂದರೆ ವೃಷಣ ತಿರುಚಿಕೊಂಡಿರಬಹುದು. ಆರು ಗಂಟೆಯೊಳಗೆ ಬಿಡಿಸಿದರೆ ಬಹುಮಟ್ಟಿಗೆ ಉಳಿಯುತ್ತದೆ, ಅದಕ್ಕೆ ಬೆಳಗಾಗಲಿ ಎಂದು ಕಾಯಬಾರದು.

ಮುಂದಿನ ಮಾದರಿ ಕೊಡುವಾಗ ಸಾಧ್ಯವಾದರೆ ಲ್ಯಾಬಿನಲ್ಲೇ ಕೊಡಲಿ. ಮನೆಯಲ್ಲಾದರೆ ಅವರೇ ಕೊಟ್ಟ ಡಬ್ಬಿಯಲ್ಲಿ ಸಂಗ್ರಹಿಸಿ, ಒಳಜೇಬಿನಲ್ಲಿ ಮೈಬಿಸಿಗೆ ಇಟ್ಟುಕೊಂಡು ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ತಲುಪಿಸಬೇಕು. ಕಾಂಡೋಮ್, ಎಣ್ಣೆ, ಜೆಲ್, ಉಗುಳು ಯಾವುದೂ ತಾಗಬಾರದು, ಚಲನೆ ಕೆಡುತ್ತದೆ. ಮೊದಲ ಹನಿಗಳಲ್ಲೇ ಹೆಚ್ಚಿನ ವೀರ್ಯಾಣುಗಳಿರುತ್ತವೆ. ಅವು ಡಬ್ಬಿಯ ಹೊರಗೆ ಬಿದ್ದಿದ್ದರೆ ಸಂಕೋಚಪಡದೆ ಲ್ಯಾಬಿನವರಿಗೆ ಹೇಳಿ ಬರೆಸಲಿ. ಈ ಸಲವೂ ಹಾಗೇನಾದರೂ ಆಗಿತ್ತೇ ಎಂದು ಕೇಳಿ ತಿಳಿಸು. ಹೊಸ ರಿಪೋರ್ಟನ್ನೂ ರಕ್ತಪರೀಕ್ಷೆಯದ್ದನ್ನೂ ಒಟ್ಟಿಗೆ ಕಳಿಸು, ಇದರ ಪಕ್ಕದಲ್ಲಿಟ್ಟು ನೋಡೋಣ.

ನಿನ್ನ
ಅಮ್ಮ