ರೈತನ ಮಗ ಕಂಡ ಆಕಾಶ

ಮಾನ್ಯರೇ,

ನಾಟಿಗೆ ಮೊದಲು ನಮ್ಮ ಮಂಡ್ಯದ ರೈತರು ಈಗ ಟಿ.ವಿ.ಯಲ್ಲಿ ಮೋಡದ ಚಿತ್ರ ನೋಡುತ್ತಾರೆ. ಅದನ್ನು ಕಳಿಸುವ ಉಪಗ್ರಹ ಸುಮಾರು 36,000 ಕಿ.ಮೀ. ಎತ್ತರದಲ್ಲಿ, ಭೂಮಿಯ ಜೊತೆಗೇ ತಿರುಗುತ್ತಾ, ಒಂದೇ ಕಡೆ ನಿಂತಂತೆ ಇರುತ್ತದೆ. ಅಲ್ಲಿ ಮೂರು ನಿಲ್ದಾಣ ಇಟ್ಟರೆ ಹೆಚ್ಚುಕಮ್ಮಿ ಇಡೀ ಜಗತ್ತಿಗೆ ಸುದ್ದಿ ಮುಟ್ಟಿಸಬಹುದು ಎಂದು 1945ರಲ್ಲೇ ಬರೆದವರು ಆರ್ಥರ್ ಸಿ. ಕ್ಲಾರ್ಕ್. ಆಗಿನ್ನೂ ಒಂದು ಉಪಗ್ರಹವೂ ಹಾರಿರಲಿಲ್ಲ!

ಮುಂದೆ ಇವರೇ ಹೆಸರಾಂತ ವಿಜ್ಞಾನ ಕಾದಂಬರಿಕಾರರಾದರು. ಹುಟ್ಟಿದ್ದು 1917ರಲ್ಲಿ, ಇಂಗ್ಲೆಂಡಿನ ಒಂದು ರೈತ ಕುಟುಂಬದಲ್ಲಿ. ಹುಡುಗನಾಗಿದ್ದಾಗಲೇ ತಂದೆ ತೀರಿಕೊಂಡರು. ಕಾಲೇಜಿಗೆ ಹೋಗಲು ದುಡ್ಡಿಲ್ಲದೆ ಸರ್ಕಾರಿ ಲೆಕ್ಕ ತಪಾಸಣೆಯ ಕೆಲಸಕ್ಕೆ ಸೇರಿದರು. ಎರಡನೇ ಮಹಾಯುದ್ಧದಲ್ಲಿ ರಾಡಾರ್ ಕೆಲಸ ಮಾಡಿದರು. ಅದು ಮುಗಿದ ಮೇಲೆ ಗಣಿತ, ಭೌತಶಾಸ್ತ್ರ ಓದಿ ಪದವಿ ಪಡೆದರು. ಅವರ ಬದುಕಿನ ಈ ಭಾಗ ಓದಿದಾಗ ನಮ್ಮ ಹಳ್ಳಿ ಮಕ್ಕಳೇ ನೆನಪಾದರು. 1956ರಲ್ಲಿ ಶ್ರೀಲಂಕಾಕ್ಕೆ ಬಂದು ನೆಲೆಸಿದರು. 2008ರಲ್ಲಿ ತೀರಿಕೊಳ್ಳುವವರೆಗೂ ಅದೇ ಅವರ ಮನೆ. ನಮಗೆ ಎಷ್ಟು ಹತ್ತಿರ, ಅಲ್ವಾ?

ಮೊನ್ನೆ ನನ್ನ ಮೊಮ್ಮಗಳಿಗೆಂದು ಹತ್ತಿರದ ಗ್ರಂಥಾಲಯದಲ್ಲಿ ಕನ್ನಡದ ವಿಜ್ಞಾನ ಕಥೆ ಕೇಳಿದೆ. ಪರೀಕ್ಷೆಯ ಗೈಡುಗಳೇ ಜಾಸ್ತಿ, ಕಥೆ ಒಂದೂ ಸಿಗಲಿಲ್ಲ. ಉಪಗ್ರಹಗಳನ್ನು ಹಗಲೂ ರಾತ್ರಿ ನೋಡಿಕೊಳ್ಳುವ ಇಸ್ರೋ ಕೇಂದ್ರ ಪಕ್ಕದ ಹಾಸನದಲ್ಲೇ ಇದೆ. ಆದರೂ ಆ ಮಗು ಸುಮ್ನೆ ಬರಿಗೈಲಿ ವಾಪಸ್ ಬಂತು. ಮಂಡ್ಯ, ಮೈಸೂರು ಜಿಲ್ಲೆಯ ಪ್ರತಿ ಗ್ರಂಥಾಲಯದಲ್ಲೂ ವಿಜ್ಞಾನ ಕಥೆಗಳಿಗೆ ಒಂದು ಕಪಾಟು ಇಡಿ ಎಂದು ಸಂಬಂಧಪಟ್ಟವರನ್ನು ಕೇಳಿಕೊಳ್ಳುತ್ತೇನೆ.

– ಒಬ್ಬ ನಿವೃತ್ತ ಶಿಕ್ಷಕ, ಮಂಡ್ಯ