ಉಳಿದ ಗಿಫ್ಟ್ ಪೇಪರ್ ಪುಸ್ತಕಗಳ ಬೈಂಡ್‌ಗೆ ಆಗಲಿ

ಮಾನ್ಯರೇ,

ದೀಪಾವಳಿ ಕಳೆದು ಮದುವೆ, ಗೃಹಪ್ರವೇಶಗಳ ಸಾಲು ಮುಗಿಯುವ ಹೊತ್ತಿಗೆ ಎಷ್ಟೋ ಮನೆಗಳ ಅಟ್ಟದಲ್ಲಿ ಗಿಫ್ಟ್ ಪೇಪರ್, ರಿಬ್ಬನ್‌ಗಳು ರಾಶಿ ಬಿದ್ದಿರುತ್ತವೆ. ಡಜನ್ ಲೆಕ್ಕದಲ್ಲಿ ತಂದ ಹಾಳೆಗಳು ಅರ್ಧಕ್ಕರ್ಧ ಹಾಗೇ ಉಳಿಯುತ್ತವೆ. ಕೊನೆಗೆ ಅವು ಸೇರುವುದು ಕಸದ ಗಾಡಿಗೆ, ಇಲ್ಲವೇ ಬಚ್ಚಲುಮನೆಯ ಹಂಡೆ ಒಲೆಗೆ. ಎರಡೂ ತಪ್ಪು.

ಮೊದಲು ಹಾಳೆಯ ಜಾತಿ ಗುರುತಿಸಬೇಕು. ಒಂದು ಮೂಲೆಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಮುದುಡಿ ಬಿಡಿ. ಮುದುಡಿದಂತೆಯೇ ಉಳಿದರೆ ಕಾಗದ. ಚರಚರ ಸದ್ದು ಮಾಡುತ್ತಾ ಬಿಚ್ಚಿಕೊಂಡರೆ ಪ್ಲಾಸ್ಟಿಕ್ ಫಿಲ್ಮ್. ಅನುಮಾನವಿದ್ದರೆ ಹರಿದು ನೋಡಿ. ಹರಿದ ಅಂಚಿನಲ್ಲಿ ಬಿಳಿ ನಾರಿನ ಜೊತೆ ತೆಳ್ಳನೆಯ ಪೊರೆಯೂ ಜೋತುಬಿದ್ದರೆ ಅದು ಲ್ಯಾಮಿನೇಟ್ ಆದ ಕಾಗದ. ಫಿಲ್ಮ್ ಆಗಲಿ ಲ್ಯಾಮಿನೇಟ್ ಆಗಲಿ ಒಲೆಗೆ ಬೇಡವೇ ಬೇಡ, ಅದರ ಹೊಗೆ ಮನೆಯವರ ಎದೆಗೇ ಇಳಿಯುತ್ತದೆ.

ಕಾಗದದ ಹಾಳೆಗಳಿಗೆ ಅತ್ಯುತ್ತಮ ಉಪಯೋಗವೆಂದರೆ ಜೂನ್‌ನಲ್ಲಿ ಶಾಲಾ ಪುಸ್ತಕಗಳಿಗೆ ಬೈಂಡ್ ಹಾಕುವುದು. 50×70 ಸೆಂ.ಮೀ. ಹಾಳೆಯೊಂದರಲ್ಲಿ 18×24 ಸೆಂ.ಮೀ. ಅಳತೆಯ ಎರಡು ನೋಟ್‌ಬುಕ್‌ಗಳಿಗೆ ಬೈಂಡ್ ಆಗುತ್ತದೆ. ಎರಡು ರಟ್ಟಿಗೆ 36, ಬೆನ್ನಿಗೆ 1, ಎರಡು ಬದಿಯ ಒಳಮಡಿಕೆಗೆ ತಲಾ 5, ಒಟ್ಟು 47 ಸೆಂ.ಮೀ. ಅಗಲ. ಎತ್ತರ 24ರ ಜೊತೆಗೆ ಮೇಲೆ ಕೆಳಗೆ ನಾಲ್ಕು ನಾಲ್ಕು ಸೇರಿ 32. ಬೆನ್ನು ಬರುವ ಜಾಗದಲ್ಲಿ ಮೇಲಿನ ಮತ್ತು ಕೆಳಗಿನ ಮಡಿಕೆಯನ್ನು ಕತ್ತರಿಸಿ ಒಳಗೆ ತೂರಿಸಿದರೆ ಅಲ್ಲಿ ಉಬ್ಬುವುದಿಲ್ಲ. ಪುಸ್ತಕವನ್ನು ಮುಚ್ಚಿಟ್ಟುಕೊಂಡೇ ಬದಿಯ ಮಡಿಕೆ ಹಾಕಬೇಕು. ತೆರೆದಿಟ್ಟು ಎಳೆದು ಮಡಿಚಿದರೆ ಮುಚ್ಚುವಾಗ ಕಾಗದ ಸಾಲದೆ ಬೆನ್ನಿನಲ್ಲೇ ಹರಿಯುತ್ತದೆ. ಟೇಪನ್ನು ರಟ್ಟಿಗೆ ಅಂಟಿಸಬೇಡಿ, ಮಡಿಕೆಗೆ ಮಡಿಕೆ ಅಂಟಿದರೆ ಸಾಕು. ಮೈದಾ ಗೋಂದು ಹಚ್ಚಿದರೆ ಜಿರಳೆಗೆ ಔತಣ.

ಗಿಫ್ಟ್ ಪೇಪರ್ ಕಂದು ಕಾಗದದಷ್ಟು ಗಟ್ಟಿಯಲ್ಲ. ಹಳೇ ಕ್ಯಾಲೆಂಡರ್ ಹಾಳೆಯ ಅಸ್ತರಿ ಕೊಟ್ಟರೆ ಮೂಲೆಗಳು ಬೇಗ ಸವೆಯುವುದಿಲ್ಲ. ಅಗ್ಗದ ಹಾಳೆಗಳ ಬಣ್ಣ ಮಳೆಗಾಲದಲ್ಲಿ ಒದ್ದೆ ಚೀಲದೊಳಗೆ ಬಿಡುವುದುಂಟು. ಮೊದಲೇ ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ, ಬಣ್ಣ ಹತ್ತಿದರೆ ಆ ಹಾಳೆ ಪುಸ್ತಕಕ್ಕೆ ಬೇಡ.

ಅಂಥವನ್ನು ಮುಯ್ಯಿ ಕವರ್ ಮಾಡಬಹುದು. 500 ರೂಪಾಯಿ ನೋಟಿನ ಉದ್ದ 15 ಸೆಂ.ಮೀ., ಅಗಲ 6.6. ಮಡಿಚದೆ ಇಡಲು 17×8.5 ಸೆಂ.ಮೀ. ಕವರ್ ಸಾಕು, ಅದಕ್ಕೆ 20 ಸೆಂ.ಮೀ. ಚೌಕದ ತುಂಡು ಬೇಕು. ಒಂದು ಹಾಳೆಗೆ ಆರು ಕವರ್. ಎಡಬಲಕ್ಕೆ ಒಂದೂವರೆ ಸೆಂ.ಮೀ. ಒಳಮಡಿಕೆ ಬಿಟ್ಟು, ಮುಚ್ಚಳಕ್ಕೆ 3 ಸೆಂ.ಮೀ. ಉಳಿಸಿ ಮಡಿಚಿ ಅಂಟಿಸಿ. ನುಣುಪು ಮುಖಕ್ಕೆ ಗೋಂದು ಹಿಡಿಯದು, ಅಂಟಿಸುವ ಜಾಗವನ್ನು ಉಪ್ಪುಕಾಗದದಿಂದ ಲಘುವಾಗಿ ಕೆರೆದಿರಬೇಕು. ಸಂಕ್ರಾಂತಿಯ ಎಳ್ಳುಬೆಲ್ಲವನ್ನು ಮಾತ್ರ ನೇರವಾಗಿ ಇದರಲ್ಲಿ ಕಟ್ಟಬೇಡಿ. ಎಳ್ಳು, ಕೊಬ್ಬರಿಗಳ ಎಣ್ಣೆ ಕಾಗದಕ್ಕೆ ಇಳಿದು ಮುದ್ರಣದ ಶಾಯಿಯನ್ನು ಎಳೆದುಕೊಳ್ಳುತ್ತದೆ.

ಉಳಿದ ಹಾಳೆಗಳನ್ನು ಸುರುಳಿ ಸುತ್ತಿ ದಾರದಿಂದ ಕಟ್ಟಿಡಿ. ರಬ್ಬರ್ ಬ್ಯಾಂಡ್ ಬೇಸಿಗೆಗೆ ಕರಗಿ ಅಂಟಿಕೊಳ್ಳುತ್ತದೆ. ಪ್ಲಾಸ್ಟಿಕ್ ರಿಬ್ಬನ್ನನ್ನು ತರಕಾರಿ ಸಿಪ್ಪೆಯ ಜೊತೆ ಎಸೆದರೆ ದನದ ಹೊಟ್ಟೆ ಸೇರುತ್ತದೆ, ಅದು ಒಣ ಕಸಕ್ಕೇ ಹೋಗಲಿ.

ಕೆಲವು ಶಾಲೆಗಳು ಎಲ್ಲ ಪುಸ್ತಕಕ್ಕೂ ಹೊಸ ಕಂದು ಕಾಗದ, ಅದರ ಮೇಲೊಂದು ಪ್ಲಾಸ್ಟಿಕ್ ಹೊದಿಕೆ ಕಡ್ಡಾಯ ಮಾಡಿವೆ. ಒಂದೇ ರೀತಿ ಕಾಣಬೇಕೆಂಬುದೇ ಕಾರಣವಾದರೆ, ಗಿಫ್ಟ್ ಪೇಪರಿನ ಬಿಳಿ ಹಿಂಬದಿ ಹೊರಗೆ ಬರುವಂತೆ ಹಾಕಲು ಅನುಮತಿ ಕೊಡಲಿ. ಹೆಸರು, ತರಗತಿ ಬರೆಯಲು ಲೇಬಲ್ ಕೂಡ ಬೇಕಾಗುವುದಿಲ್ಲ. ಮೇ ತಿಂಗಳಲ್ಲೇ ಪೋಷಕರಿಗೆ ತಿಳಿಸಿದರೆ ಹೊಸ ಕಾಗದ ಕೊಳ್ಳುವುದು ತಪ್ಪುತ್ತದೆ.

— ಚಿತ್ರಕಲಾ ಶಿಕ್ಷಕಿ, ಶಿವಮೊಗ್ಗ